ಮರುಮಾತು

ಬೆಳಗಿನ ಪಾಳಿಗೆ ಬಂದ ಡಾ. ಜುಬೇದಾ ನದಾಫ ಕುರ್ಚಿ ಎಳೆದುಕೊಂಡು ಕೂಡ್ರುವಷ್ಟರಲ್ಲಿ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಒಂದು ಹೆಸರು ಕೆಂಪಾಯಿತು. ದಾಕ್ಷಾಯಣಿ ಬೂದಿಹಾಳ, ಶುಶ್ರೂಷಕಿ, ಬಾಗಲಕೋಟೆ ನವನಗರ. ಹೆಸರಿನ ಕೆಳಗೆ, ಆಕೆ ಆ ಗಳಿಗೆಯಲ್ಲಿ ತನ್ನ ಮನಸ್ಸಿನೊಳಗೆ ತಾನೇ ಆಡಿಕೊಂಡ ಮಾತು ಅಕ್ಷರಗಳಾಗಿ ಮೂಡಿತು.

‘ಈ ಮುದುಕಿ ಇವತ್ತರ ಕಣ್ಣ ಮುಚ್ಚಬಾರದಾ.’

ಪಕ್ಕದ ಮೇಜಿನ ತಂತ್ರಜ್ಞ ನಿಂಗರಾಜ ಕತ್ತು ಚಾಚಿ ಓದಿದ.

“ಅತ್ತಿ-ಸೊಸಿ ಮಾತು ಕೇಳಾಕ ಇಷ್ಟ ದೊಡ್ಡ ಕಂಪ್ಯೂಟರ್ ಬೇಕಾಗಿತ್ತೇನ್ರಿ ಮೇಡಂ? ನಮ್ಮ ಓಣ್ಯಾಗ ಕಟ್ಟಿ ಮ್ಯಾಲ ಕುಂತ್ರ ಪುಕ್ಕಟ ಕೇಳಸತೈತಿ.”

ಜುಬೇದಾ ನಗಲಿಲ್ಲ. “ಇದು ಎಷ್ಟನೇದು?”

“ಮೂರನೇದ್ರಿ. ಮ್ಯಾಲಿನವ್ರಿಗೆ ಹೋಗೇ ಬಿಟ್ಟೈತಿ. ಪಾಪ, ಆ ಹೆಣ್ಮಗಳದು ಮುಗೀತು.”

‘ಪಾಪ’ ಎಂದದ್ದೇ ತಪ್ಪಾಯಿತು. ಆ ಮಾತಿನ ಹಿಂದೆ ಅವನ ಮನಸ್ಸಿನಲ್ಲಿ ಸಂಸ್ಥೆಯವರ ಬಗ್ಗೆ ಏನು ಸುಳಿಯಿತೋ, ಹಣೆಗೆ ಕಟ್ಟಿಕೊಂಡಿದ್ದ ಪಟ್ಟಿಯ ಪುಟ್ಟ ದೀಪ ಹಳದಿಗೆ ತಿರುಗಿತು. ಅವನು ಗಾಬರಿಯಿಂದ ಕಣ್ಣು ಮುಚ್ಚಿ ಒಳಗೊಳಗೇ ಏನನ್ನೋ ಜಪಿಸತೊಡಗಿದ. ದೀಪ ಮೆಲ್ಲಗೆ ಹಸಿರಾಯಿತು. ಅವನು ಜಪಿಸಿದ್ದು ದೇವರ ಹೆಸರನ್ನಲ್ಲ, ಹದಿಮೂರರ ಮಗ್ಗಿಯನ್ನು.

ಆ ಜಿಲ್ಲೆಯಲ್ಲಿ ಪರರ ಆರೈಕೆಯ ಕೆಲಸ ಮಾಡುವವರು, ತೀರ್ಪು ಕೊಡುವವರು, ಪಾಠ ಹೇಳುವವರು, ಈ ಸಂಸ್ಥೆಯ ನೌಕರರು, ಎಲ್ಲರೂ ಎದ್ದಾಗಿನಿಂದ ಮಲಗುವವರೆಗೆ ಚಿತ್ತಪಟ್ಟಿಯನ್ನು ಕಟ್ಟಿಕೊಂಡೇ ಇರಬೇಕೆಂಬ ನಿಯಮವಾಗಿ ಎರಡು ವರ್ಷ ಕಳೆದಿತ್ತು. ಪಟ್ಟಿ ಮನಸ್ಸಿನ ಮಾತನ್ನು ಓದುತ್ತದೆ. ಯಂತ್ರ ಅದನ್ನು ತೂಗಿ ಮನುಷ್ಯನಿಗೊಂದು ಶೀಲಾಂಕ ಕೊಡುತ್ತದೆ. ಅಸಮಾಧಾನ ಸುಳಿದರೆ ಹಳದಿ, ದ್ವೇಷದ, ಹಿಂಸೆಯ ಯೋಚನೆ ಬಂದರೆ ಕೆಂಪು. ಮೂರು ಸಲ ಕೆಂಪಾದರೆ ವಿಚಾರಣೆ. ವಿಚಾರಣೆಯಲ್ಲಿ ಕೆಂಪು ನಿಜವೆಂದಾದರೆ ನೌಕರಿ ಹೋಗುತ್ತದೆ, ಮತ್ತು ಅವರ ಆಸರೆಯಲ್ಲಿರುವ ಅಶಕ್ತರನ್ನು ರಕ್ಷಣಾಗೃಹಕ್ಕೆ ಸಾಗಿಸಲಾಗುತ್ತದೆ. ಚಿತ್ತಪಟ್ಟಿಯನ್ನು ಮಾಡುವುದೂ ರಕ್ಷಣಾಗೃಹವನ್ನು ನಡೆಸುವುದೂ ನಿರ್ಮಲಚಿತ್ತ ಎಂಬ ಒಂದೇ ಸಂಸ್ಥೆ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮನಸ್ಸಿನಲ್ಲಿ ಅಂದುಕೊಳ್ಳುವ ಧೈರ್ಯವೂ ಬಹುಜನರಿಗೆ ಉಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಂಸ್ಥೆಯ ನಿರ್ದೇಶಕ ವಿದ್ಯಾಧರ ದೇಶಮುಖರು ಕೊಠಡಿಗೆ ಬಂದರು. ಅವರ ಹಣೆಯ ದೀಪ ಹಸಿರು ಬಿಟ್ಟು ಬೇರೆ ಬಣ್ಣ ತಾಳಿದ್ದನ್ನು ಕಂಡವರೇ ಇರಲಿಲ್ಲ.

“ಇಂಥದ್ದೊಂದಕ್ಕೇ ಕಾಯುತ್ತಿದ್ದೆವು ಡಾಕ್ಟರ್. ಬಹಿರಂಗ ವಿಚಾರಣೆ ಇಡೋಣ. ಹಗಲೆಲ್ಲ ರೋಗಿಗಳ ಸೇವೆ ಮಾಡುವವಳ ಒಳಗೆ ಏನಿದೆ ಎಂದು ಜನ ನೋಡಲಿ.”

“ಸರ್, ಆಕೆ ಲಕ್ವಾ ಹೊಡೆದ ಅತ್ತೆಯನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ಗಂಡ ತೀರಿಕೊಂಡಿದ್ದಾನೆ. ಬಿಟ್ಟು ಹೋಗಬಹುದಿತ್ತು, ಹೋಗಿಲ್ಲ.”

“ಕೈ ಮಾಡಿದ್ದನ್ನು ಎಲ್ಲರೂ ನೋಡಬಲ್ಲರು. ನಾವು ಬೇರು ನೋಡುವವರು. ಇಂದಿನ ಯೋಚನೆಯೇ ನಾಳಿನ ಕೃತ್ಯ. ಇದು ನಮ್ಮ ಹಿರಿಯರೇ ಹೇಳಿದ್ದಲ್ಲವೆ?”

ಅವರು ಹೋದ ಮೇಲೆ ಜುಬೇದಾಳಿಗೆ ಮೈಯುರಿದುಹೋಯಿತು, ಹಣೆಯ ದೀಪ ಹಳದಿಯಾಯಿತು. ಪೂರಾ ಸುಳ್ಳು ಹೇಳುವವನನ್ನು ಎದುರಿಸುವುದು ಸುಲಭ. ಸತ್ಯದ ಅರ್ಧವನ್ನು ಮುರಿದುಕೊಂಡು ಅದನ್ನೇ ದೊಣ್ಣೆ ಮಾಡಿಕೊಳ್ಳುವವನ ಮುಂದೆ ಏನು ಮಾಡಬೇಕು? ಯೋಚನೆಯಿಂದ ನಡತೆ, ನಡತೆಯಿಂದ ಶೀಲ: ಇದನ್ನು ಆಕೆಯ ಅಪ್ಪನೂ ಹೇಳುತ್ತಿದ್ದರು. ಅವರು ಇಳಕಲ್ಲಿನ ಕನ್ನಡ ಶಾಲೆಯ ಮಾಸ್ತರರು. ಆದರೆ ಅಪ್ಪ ಒಂದು ಮಾತನ್ನು ಸೇರಿಸುತ್ತಿದ್ದರು. “ಕೆಟ್ಟ ಯೋಚನೆ ಯಾರಿಗೂ ಹೇಳಿ ಕೇಳಿ ಬರೂದಿಲ್ಲವ್ವ. ಬಂದದ್ದಕ್ಕ ನೀ ಏನಂದಿ, ಅದರಾಗ ನೀ ಯಾರಂಬೂದು ಗೊತ್ತಾಕ್ಕೈತಿ.” ಬಂದ ಯೋಚನೆಯನ್ನಷ್ಟೇ ಹಿಡಿದು, ಅದಕ್ಕೆ ಕೊಟ್ಟ ಉತ್ತರವನ್ನು ಕಸದ ಬುಟ್ಟಿಗೆ ಎಸೆದ ಈ ಯಂತ್ರವನ್ನು ಅಪ್ಪ ನೋಡಲಿಲ್ಲವಲ್ಲ ಎಂಬುದೊಂದೇ ಆಕೆಯ ಸಮಾಧಾನ.

ಎಸೆದದ್ದು ಅರಿಯದೆ ಅಲ್ಲ. ಅದೇ ಆಕೆಯ ಸಿಟ್ಟಿನ ಬೇರು.

ಮೊದಲಿಗೆ ಇದರ ಹೆಸರು ಮಾತುಪಟ್ಟಿ. ಲಕ್ವಾದಿಂದ, ಗಂಟಲಿನ ಕಾಯಿಲೆಯಿಂದ ಮಾತು ಕಳೆದುಕೊಂಡವರಿಗಾಗಿ ಜುಬೇದಾ ಮತ್ತು ಆಕೆಯ ಸಂಗಡಿಗರು ಇದನ್ನು ಕಟ್ಟಿದ್ದರು. ನಾವು ಮನಸ್ಸಿನಲ್ಲಿ ಮಾತಾಡಿಕೊಳ್ಳುವಾಗಲೂ ಮೆದುಳಿನ ಮಾತಿನ ನೆಲೆ ಮಿಡಿಯುತ್ತದೆ. ಆ ಮಿಡಿತ ಬಾಯಿಂದ ಆಡುವ ಮಾತಿನ ಮಿಡಿತದ ಮಸುಕು ನೆರಳು. ನೆರಳನ್ನು ಹಿಡಿದು ಶಬ್ದ ಮಾಡಿದರೆ ಮೂಕರಾದವರು ‘ನೀರು’ ಎನ್ನಬಹುದು, ‘ನೋವು’ ಎನ್ನಬಹುದು, ಮೊಮ್ಮಗುವನ್ನು ಹೆಸರು ಹಿಡಿದು ಕರೆಯಬಹುದು. ಇಷ್ಟೇ ಆಸೆ. ನಿರ್ಮಲಚಿತ್ತ ಸಂಸ್ಥೆ ಪ್ರಯೋಗಾಲಯವನ್ನು ಕೊಂಡುಕೊಂಡಿತು. ಮೂಕರು ಕೊಳ್ಳುವ ಶಕ್ತಿಯಿಲ್ಲದ ಗಿರಾಕಿಗಳು. ಇತರರ ಮನಸ್ಸನ್ನು ಓದಬೇಕೆನ್ನುವವರು ಶಕ್ತಿವಂತರು. ಮಾತು ಹೋಗಿ ಚಿತ್ತ ಬಂತು.

ಶೀಲಾಂಕದ ಮೊದಲ ಪರೀಕ್ಷೆಯಲ್ಲಿ ಒಂದು ಸಂಗತಿ ಎದ್ದು ಕಂಡಿತ್ತು. ಕೆಟ್ಟ ಯೋಚನೆ ಎಲ್ಲರಿಗೂ ಬರುತ್ತಿತ್ತು: ಪೂಜಾರಿಗೆ, ಪೋಲೀಸಿಗೆ, ಹಾಲೂಡಿಸುವ ತಾಯಿಗೆ. ಬಂದ ಬೆನ್ನಿಗೇ ಇನ್ನೊಂದು ಮಾತು, ಅದೇ ಮನಸ್ಸಿನದು, ಎದ್ದು ನಿಲ್ಲುತ್ತಿತ್ತು. ಜುಬೇದಾ ಅದಕ್ಕೆ ಮರುಮಾತು ಎಂದು ಹೆಸರಿಟ್ಟಳು. ಕೆಲವರಲ್ಲಿ ಅದು ‘ಛೀ, ಏನಂತ ಯೋಚಿಸ್ತೀ’ ಎನ್ನುತ್ತಿತ್ತು. ಕೆಲವರಲ್ಲಿ ‘ಹೌದು, ಹಂಗ ಮಾಡು, ಯಾರ ನೋಡ್ತಾರ’ ಎನ್ನುತ್ತಿತ್ತು. ಈ ಎರಡನೆಯವರೇ ಕಾಲಾಂತರದಲ್ಲಿ ನಡತೆಯಲ್ಲೂ ಕೆಡುತ್ತಿದ್ದರು. ಮನುಷ್ಯನ ಶೀಲ ರೂಪುಗೊಳ್ಳುವುದು ಮರುಮಾತಿನಲ್ಲಿ. ದಿನಕ್ಕೆ ಹಲವು ಬಾರಿ, ಯಾರೂ ಕಾಣದಂತೆ.

ಆದರೆ ಮರುಮಾತನ್ನೂ ತೂಕಕ್ಕೆ ಹಾಕಿದಾಗ ಊರಿನ ಬಹುಪಾಲು ಜನ ಒಂದೇ ಸಾಲಿನಲ್ಲಿ ಬಂದು ನಿಂತರು. ದೇಶಮುಖರು ಆ ಫಲಿತಾಂಶ ನೋಡಿ, “ಎಲ್ಲರೂ ಒಳ್ಳೆಯವರಾದರೆ ನಮ್ಮಿಂದ ಕೊಳ್ಳುವವರು ಯಾರು ಡಾಕ್ಟರ್?” ಎಂದು ನಗುತ್ತಲೇ ಕೇಳಿದ್ದರು. ಮುಂದಿನ ವಾರದಿಂದ ಯಂತ್ರ ಮೊದಲ ಮಾತನ್ನು ಹಿಡಿದು, ಮುಂದಿನದನ್ನು ಕತ್ತರಿಸತೊಡಗಿತು. ಜುಬೇದಾ ವಿರೋಧಿಸಿ ಬರೆದದ್ದಕ್ಕೆ ಉತ್ತರ ಬರಲಿಲ್ಲ. ರಾಜೀನಾಮೆ ಕೊಟ್ಟರೆ ಕತ್ತರಿಸಿದ ತುಣುಕುಗಳನ್ನು ಕಾಯುವವರೂ ಇರುವುದಿಲ್ಲವೆಂದು ಆಕೆ ಉಳಿದಿದ್ದಳು.

ಅಂದು ಸಂಜೆ ಆಕೆ ಪಲ್ಯಕ್ಕೆ ಬೇಕೆಂದೇ ಉಪ್ಪು ಹಾಕಲಿಲ್ಲ.

ಗಂಡ ದಸ್ತಗೀರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಒಂದು ಕಾಲಕ್ಕೆ ರೊಟ್ಟಿ ತುಸು ಕರಕಾದರೂ ಅದರ ಮೇಲೆ ಹತ್ತು ಮಾತು ಕಟ್ಟುತ್ತಿದ್ದ. ಆಕೆ ಹನ್ನೊಂದು ತಿರುಗಿಸುತ್ತಿದ್ದಳು. ಆ ಜಗಳದಲ್ಲೇ ಮನೆ ಬೆಚ್ಚಗಿತ್ತು. ಈಗ ಅವನು ಉಪ್ಪಿಲ್ಲದ ಪಲ್ಯಕ್ಕೆ ರೊಟ್ಟಿ ಅದ್ದಿ ಅದ್ದಿ ಉಂಡ. ಹಣೆಯ ಮೇಲೆ ಹಸಿರು ದೀಪ.

“ಪಲ್ಯ ಹೆಂಗಾಗೈತಿ?”

ಅವನು ದೂರದ ಊರಿನಿಂದ ಬಂದವನಂತೆ ತಡವಾಗಿ ತಲೆಯೆತ್ತಿದ. “ಹಾಂ? ಚಲೋ ಐತಲ್ಲ.”

“ಉಪ್ಪ ಇಲ್ಲ ಅದಕ್ಕ.”

“ಇಲ್ಲೇನು?” ಮತ್ತೊಂದು ತುತ್ತು ಬಾಯಿಗಿಟ್ಟು ನೋಡಿದ. “ಹೌದ ನೋಡು. ಹತ್ತೊಂಬತ್ತರ ಮಗ್ಗಿ ನಡದಿತ್ತು. ಗೊತ್ತಾಗ್ಲಿಲ್ಲ.”

ಪಟ್ಟಿ ಕಟ್ಟಿದವರ ಎಲ್ಲ ಮನೆಗಳಲ್ಲೂ ಇದೇ ಆಗಿತ್ತು. ಅಂಕಿಗಳಿಗೆ ರಾಗದ್ವೇಷವಿಲ್ಲ, ಮಗ್ಗಿ ಹೇಳಿಕೊಳ್ಳುವ ಮನಸ್ಸನ್ನು ಯಂತ್ರ ನಿರ್ಮಲವೆಂದು ಎಣಿಸುತ್ತದೆ. ಇದನ್ನು ಮೊದಲು ಕಂಡುಕೊಂಡವರು ಸಂಸ್ಥೆಯ ಹಿರಿಯರೇ. ಆಮೇಲೆ ಅದು ಊರಿಗೆ ಹಬ್ಬಿತು. ಎರಡರಿಂದ ಹತ್ತರವರೆಗಿನ ಮಗ್ಗಿ ರೂಢಿಯಾಗಿ ಅದರ ಸಂದಿಯಲ್ಲಿ ಯೋಚನೆ ನುಸುಳತೊಡಗಿದ್ದರಿಂದ ಜನ ಹದಿಮೂರು, ಹದಿನೇಳು, ಹತ್ತೊಂಬತ್ತಕ್ಕೆ ಏರಿದ್ದರು. ಮಕ್ಕಳಿಗೆ ಲೆಕ್ಕ ಬರಲೆಂದು ಅಪ್ಪ ಬೆತ್ತ ಹಿಡಿದು ಕಲಿಸಿದ ಮಗ್ಗಿ, ದೊಡ್ಡವರ ಮನಸ್ಸಿಗೆ ಬಡಿದ ಬೀಗವಾಗಿತ್ತು. ಕೆಟ್ಟದ್ದು ಒಳಗೆ ಬರದಂತೆ ಬಾಗಿಲು ಹಾಕಿದವರು ಮರುಮಾತನ್ನೂ ಹೊರಗೇ ನಿಲ್ಲಿಸಿದ್ದರು.

ದಸ್ತಗೀರ ತಟ್ಟೆ ಸರಿಸಿದ. “ಇವತ್ತ ಕ್ಲಾಸಿನ್ಯಾಗ ಒಂದ್ ಹುಡುಗಿ ತಾಸುಗಟ್ಲೆ ಅಳಾಕತ್ತಿತ್ತಂತ. ಮುಂದಿನ ಬೆಂಚಿನ್ಯಾಗ. ನನಗ ಕಾಣಲೇ ಇಲ್ಲ. ಮಕ್ಕಳ ನನ್ನ ಹೆಂಗ ನೋಡಿದ್ವು ಅಂದ್ರ, ಸತ್ತಾವ್ನ ನೋಡಿದಂಗ.”

“ಪಟ್ಟಿ ಕಿತ್ತ ಒಗಿ.”

“ಒಗದು ಹೊಟ್ಟಿಗೆ ಏನ ತಿನ್ನೂಣು? ಕೆಂಪಾಗೂದಕ್ಕಿಂತ ಕುರುಡಾಗೂದ ವಾಸಿ ಅಂತ ಊರ ಅಷ್ಟೂ ಒಪ್ಪೇತಿ. ನಾ ಒಬ್ಬಾವ ಏನ ಮಾಡ್ಲಿ?”

ಜುಬೇದಾ ಎದ್ದು ಉಪ್ಪಿನ ಡಬ್ಬಿ ತಂದು ಅವನ ಮುಂದೆ ಕುಕ್ಕಿದಳು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

ಮರುದಿನ ಆಕೆ ಪ್ರಯೋಗಾಲಯದ ಉಗ್ರಾಣದಲ್ಲಿ ಉಳಿದಿದ್ದ ಒಂದು ಹಳೆಯ ಮಾತುಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ದಾಕ್ಷಾಯಣಿಯ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೊರಕೋಣೆಯ ಮಂಚದ ಮೇಲೆ ಅತ್ತೆ ಗುರುಬಸವ್ವ ಮಲಗಿದ್ದಳು. ದೇಹದ ಒಂದು ಬದಿ ಸತ್ತಿತ್ತು, ಬಾಯಿ ಓರೆಯಾಗಿತ್ತು, ಕಣ್ಣು ಮಾತ್ರ ಗಿಡುಗದ ಹಾಗೆ ಚುರುಕು. ಹಿನ್ನೀರಿನಲ್ಲಿ ಮುಳುಗಿದ ಹಳೇ ಊರಿನ ಸಂತೆಯಲ್ಲಿ ಕುಪ್ಪಸದ ಖಣ ಮಾರಿ ಮಗನನ್ನು ಬೆಳೆಸಿದ ಹೆಂಗಸು ಅವಳು. ಅವಳ ಬಾಯಿಗೆ ಹೆದರಿ ಗಿರಾಕಿಗಳು ಚೌಕಾಸಿ ಮಾಡುತ್ತಿರಲಿಲ್ಲವೆಂದು ಊರು ಈಗಲೂ ನೆನೆಸುತ್ತಿತ್ತು.

ದಾಕ್ಷಾಯಣಿ ಅತ್ತೆಯ ಮೈ ತೊಳೆಯಲು ಬೋಗುಣಿಯಲ್ಲಿ ಬಿಸಿನೀರು ತಂದಿದ್ದಳು. ಬಂದವರು ಯಾರೆಂದು ತಿಳಿದ ಕೂಡಲೆ ಅವಳ ಹಣೆಯ ದೀಪ ಕೆಂಪಾಯಿತು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

“ನೀವಾ ಏನ್ರಿ ಇದನ್ನ ಮಾಡಿದಾವ್ರು?”

“ಹೌದು. ಇದಕ್ಕಂತ ಮಾಡಿದ್ದಲ್ಲ.”

“ಕುಡಗೋಲ ಬಡಿಯೋ ಕಮ್ಮಾರನೂ ಹಂಗ ಅಂತಾನ್ರಿ.” ಅವಳು ಸೆರಗು ಸಿಕ್ಕಿಸಿ, ಮೊಣಕೈಯನ್ನು ನೀರಿಗೆ ಅದ್ದಿ ನೋಡಿದಳು. ತಣ್ಣೀರು ಬೆರೆಸಿದಳು. ಮತ್ತೊಮ್ಮೆ ಅದ್ದಿ ನೋಡಿ, ಆಮೇಲೆ ಬಟ್ಟೆ ಹಿಂಡಿ ಅತ್ತೆಯ ಬೆನ್ನಿಗೆ ಹಚ್ಚಿದಳು. “ಕುಂದರ್ರಿ. ನಿಂತ ಏನ ನೋಡ್ತೀರಿ, ತಲಿಯಂತೂ ನೋಡೀರಲ್ಲ.”

ಜುಬೇದಾ ಕುಳಿತು ವಿಷಯ ಹೇಳಿದಳು. ಯಂತ್ರ ಶೀಲಾಂಕಕ್ಕೆ ಮೊದಲ ಮಾತನ್ನಷ್ಟೇ ಹಿಡಿಯುತ್ತದೆ. ಕತ್ತರಿಸಿದ ಭಾಗ ಪ್ರಯೋಗಾಲಯದಲ್ಲಿ ಕೆಲಕಾಲ ಉಳಿಯುತ್ತದೆ. ನಿನ್ನೆಯದನ್ನು ತಾನು ತೆಗೆದಿರಿಸಿದ್ದಾಳೆ. ವಿಚಾರಣೆಯಲ್ಲಿ ಅದನ್ನು ಕೇಳಿಸಿದರೆ ನೌಕರಿ ಉಳಿಯುತ್ತದೆ, ಅತ್ತೆ ಮನೆಯಲ್ಲೇ ಇರುತ್ತಾಳೆ.

“ಏನಂದೀನಿ ಅದರಾಗ?”

“‘ಏ ದಾಕ್ಷಿ, ನೀರ ನೋಡು’ ಅಂದೀರಿ.”

ದಾಕ್ಷಾಯಣಿಯ ಕೈ ನಿಂತಿತು. ಹಣೆಯ ಕೆಂಪು ದೀಪದ ಕೆಳಗೆ ಅವಳ ಮುಖ ಬಿಳಿಚಿಕೊಂಡಿತು. ತನ್ನ ಮೈಮೇಲಿನ ಸೀರೆಯನ್ನು ಯಾರೋ ಎಳೆದರೆಂಬಂತೆ ಅವಳು ಸೆರಗನ್ನು ಎದೆಗೆ ಒತ್ತಿಕೊಂಡಳು.

“ಅದನ್ನ ಯಾರಿಗೂ ಕೇಳಿಸಬ್ಯಾಡ್ರಿ.”

“ನಿಮಗ ಅನುಕೂಲ ಆಗೂದ ಅದರಿಂದ.”

“ಕೆಟ್ಟದ್ದನ್ನಂತೂ ನೀವು ಕದ್ರಿ. ಒಳ್ಳೇದನ್ನರ ನನಗ ಬಿಡ್ರಿ. ನನ್ನ ಒಳ್ಳೇತನಾನ ಸಂತ್ಯಾಗ ಹರವಿ ನೌಕರಿ ಉಳಿಸ್ಕೊಳ್ಳಾಕಿ ಅಲ್ಲ ನಾನು.”

“ಅತ್ತಿನ್ನ ಒಯ್ತಾರ ಅವ್ರು.”

ದಾಕ್ಷಾಯಣಿ ಬಟ್ಟೆಯನ್ನು ನೀರಿಗೆ ಹಾಕಿ ತೆಗೆದು ಹಿಂಡಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ರಕ್ಷಣಾಗೃಹವನ್ನು ಅವಳು ಕಂಡಿದ್ದಳು. ಅಲ್ಲಿ ಹಸಿರು ದೀಪದ ಹುಡುಗಿಯರು ಮಗ್ಗಿ ಹೇಳಿಕೊಳ್ಳುತ್ತ ಮುದುಕರಿಗೆ ಗಂಜಿ ಹಾಕುತ್ತಾರೆ. ಗಂಜಿ ಗಲ್ಲದಿಂದ ಇಳಿದು ಕುತ್ತಿಗೆಗೆ ಹರಿದರೂ ಚಮಚ ನಿಲ್ಲುವುದಿಲ್ಲ. ಯಾರ ಮೇಲೂ ದೂರಿಲ್ಲ, ಏಕೆಂದರೆ ಯಾರೂ ಕೆಂಪಾಗಿಲ್ಲ.

ಮಂಚದಿಂದ ಗೊಗ್ಗರು ಸದ್ದು ಬಂತು. ಗುರುಬಸವ್ವನ ಕಣ್ಣು ಜುಬೇದಾಳ ಚೀಲದ ಮೇಲೆ ನೆಟ್ಟಿತ್ತು. ಜುಬೇದಾ ಮಾತುಪಟ್ಟಿಯನ್ನು ಹೊರಗೆ ತೆಗೆದು ಅವಳ ಹತ್ತಿರ ಹಿಡಿದಳು.

“ಅವ್ವಾ, ಇದನ್ನ ಕಟ್ಟಿಕೊಂಡ್ರ ನೀವು ಮನಸಿನ್ಯಾಗ ಹೇಳಿದ್ದು ಹೊರಗ ಮಾತಾಗಿ ಕೇಳಸತೈತಿ. ಆದ್ರ ವಿಚಾರಣೆ ನಡೆಯೋ ಭವನದಾಗಿನ ಯಂತ್ರಕ್ಕ ಜೋಡಿಸಿದ್ರ ಮಾತ್ರ. ಅಲ್ಲಿ ಬಂದು ಹೇಳ್ತೀರೇನು? ಹೌದಂದ್ರ ಒಮ್ಮೆ ಕಣ್ಣ ಮುಚ್ಚರಿ.”

ಗುರುಬಸವ್ವ ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ಕೆನ್ನೆ ಸುಕ್ಕಾಗುವಂತೆ.

ದಾಕ್ಷಾಯಣಿ ಜುಬೇದಾಳನ್ನು ಬಾಗಿಲ ಹೊರಗೆ ಕರೆದೊಯ್ದು ದನಿ ತಗ್ಗಿಸಿದಳು. “ನಾ ಬಂದಾಗಿಂದ ಇಬ್ರೂ ಒಂದ ಒಲಿ ಮುಂದ ಬಡದಾಡೀವ್ರಿ. ನನ್ನ ಗಂಡ ಸತ್ತಾಗ ನನ್ನ ಕಾಲ್ಗುಣ ಅಂದಾಕಿ ಆಕಿ. ನಾನೂ ಬಿಟ್ಟಿಲ್ಲ. ಮೂರ ವರ್ಷದ್ದು ಒಳಗ ಕೂಡಿಟ್ಟಾಳ. ಅಲ್ಲಿ ಏನ ಹೇಳ್ತಾಳೋ ಯಾರಿಗ್ಗೊತ್ತು.”

“ಬ್ಯಾಡಂದ್ರ ಬ್ಯಾಡ.”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಬ್ಯಾಡನ್ನಾಕ ನಾ ಯಾರ್ರಿ? ಬಾಯಿ ಆಕಿದು. ಹೇಳ್ಲಿ.”

ದೇಶಮುಖರು ಮಾತುಪಟ್ಟಿಗೆ ಅನುಮತಿ ಕೊಟ್ಟರು. ಒಂದು ಷರತ್ತಿನ ಮೇಲೆ. ಅದನ್ನು ಶೀಲಾಂಕದ ಯಂತ್ರಕ್ಕೂ ಜೋಡಿಸಬೇಕು, ಪಟ್ಟಿಗೊಂದು ದೀಪ ಇರಬೇಕು. “ಸಾಕ್ಷಿಯ ಮನಸ್ಸೂ ಶುದ್ಧವಿರಬೇಕಲ್ಲ ಡಾಕ್ಟರ್,” ಎಂದರು. ಮಾತು ಸತ್ತ ಮುದುಕಿಗೆ ಮಾತು ಕೊಡುವ ಮೊದಲು ಅದರ ತೂಕಕ್ಕೆ ತಕ್ಕಡಿ ಹಿಡಿದು ನಿಲ್ಲುವ ಈ ನಾಚಿಕೆಗೇಡಿತನಕ್ಕೆ ಯಾವ ಬಣ್ಣದ ದೀಪ ಹತ್ತಬೇಕಿತ್ತು? ಅವರ ಹಣೆಯ ಮೇಲೆ ಹಸಿರೇ ಇತ್ತು.

ವಿಚಾರಣೆಯ ದಿನ ನವನಗರದ ಸಭಾಭವನ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಆಸ್ಪತ್ರೆಯ ಶುಶ್ರೂಷಕಿಯರು, ಹಿಂದೆ ಶಿಕ್ಷಕರು. ಅವರ ನಡುವೆ ದಸ್ತಗೀರನೂ ಇದ್ದ. ಹಣೆಗಳ ಮೇಲೆ ಸಾಲು ಸಾಲಾಗಿ ಹಸಿರು ದೀಪಗಳು, ಭವನದಲ್ಲಿ ಪಿಸುಮಾತೂ ಇಲ್ಲ. ಇಷ್ಟು ಜನ ಒಟ್ಟಿಗೆ ಕೂತು ಯಾರೂ ಏನನ್ನೂ ಯೋಚಿಸದಿರುವ ಮೌನವದು. ವೇದಿಕೆಯ ಮೇಲೆ ವಿಚಾರಣಾಧಿಕಾರಿ, ನಿವೃತ್ತ ನ್ಯಾಯಾಧೀಶರಾದ ಚನ್ನಮಲ್ಲಪ್ಪ ಗಾಣಿಗೇರರು ಕುಳಿತಿದ್ದರು. ನಿಯಮದಂತೆ ಅವರ ಹಣೆಗೂ ಪಟ್ಟಿ.

ವೇದಿಕೆಯ ಒಂದು ಬದಿಯಲ್ಲಿದ್ದ ದೇಶಮುಖರು ನೇರವಾಗಿ ವಿಷಯಕ್ಕೆ ಬಂದರು. ದಾಕ್ಷಾಯಣಿಯ ಮೂರೂ ಯೋಚನೆಗಳನ್ನು ಪರದೆಯ ಮೇಲೆ ದೊಡ್ಡಕ್ಷರದಲ್ಲಿ ತೋರಿಸಿದರು. ಅವಳು ಆರೋಪಿಯ ಜಾಗದಲ್ಲಿ ತಲೆ ತಗ್ಗಿಸದೆ ನಿಂತು ತನ್ನ ಮಾತನ್ನು ತಾನೇ ಓದಿದಳು.

“ಇದನ್ನು ನೀವು ಯೋಚಿಸಿದ್ದು ನಿಜವೇನಮ್ಮಾ?” ನ್ಯಾಯಾಧೀಶರು ಕೇಳಿದರು.

“ನಿಜಾರಿ.”

ಜುಬೇದಾ ಎದ್ದು ನಿಂತಳು. ಶೀಲಾಂಕದ ಯಂತ್ರ ಮನಸ್ಸಿನ ಮೊದಲ ಮಾತನ್ನು ಹಿಡಿದು ಮರುಮಾತನ್ನು ಕತ್ತರಿಸುತ್ತದೆ, ಹಾಗೆ ಕತ್ತರಿಸಿದ್ದು ತಿಳಿದೇ ಎಂದು ಹೇಳಿದಳು. “ಒಬ್ಬರ ವಾಕ್ಯದ ಪೂರ್ವಾರ್ಧವನ್ನು ಓದಿ ಗಲ್ಲಿಗೇರಿಸುವುದು ವಿಜ್ಞಾನವಲ್ಲ. ನಾನು ಮಾಸ್ತರರ ಮಗಳು. ಉತ್ತರಪತ್ರಿಕೆಯ ಮೊದಲ ಸಾಲು ನೋಡಿ ಮಗುವನ್ನು ನಪಾಸು ಮಾಡುವವರನ್ನು ನಮ್ಮ ಮನೆಯಲ್ಲಿ ಶಿಕ್ಷಕರೆಂದು ಕರೆಯುತ್ತಿರಲಿಲ್ಲ.”

“ಹಾಗಾದರೆ ಉತ್ತರಾರ್ಧವನ್ನು ಕೇಳಿಸಿ,” ಎಂದರು ದೇಶಮುಖರು.

“ಅದು ದಾಕ್ಷಾಯಣಿಯವರದು. ಅವರು ಒಪ್ಪಿಲ್ಲ. ಅವರ ಒಪ್ಪಿಗೆಯಿಲ್ಲದೆ ಒಮ್ಮೆ ಒಳಹೊಕ್ಕದ್ದು ಸಾಕು.”

“ತೋರಿಸಲಾಗದ ಪುರಾವೆ ಪುರಾವೆಯಲ್ಲ,” ದೇಶಮುಖರು ನ್ಯಾಯಾಧೀಶರ ಕಡೆ ಕೈ ಚಾಚಿದರು. ನ್ಯಾಯಾಧೀಶರು ನಿಟ್ಟುಸಿರು ಬಿಟ್ಟು ಹೌದೆಂದು ತಲೆಯಾಡಿಸಬೇಕಾಯಿತು.

ಉಳಿದದ್ದು ಗುರುಬಸವ್ವನ ಸಾಕ್ಷಿಯೊಂದೇ. ಗಾಲಿಕುರ್ಚಿಯನ್ನು ನಿಂಗರಾಜ ಮುಂದೆ ತಳ್ಳಿ ತಂದ. ಜುಬೇದಾ ಮಾತುಪಟ್ಟಿಯನ್ನು ಅವಳ ಬೋಳುನೆತ್ತಿಯ ಸುತ್ತ ಕಟ್ಟಿ ಯಂತ್ರಕ್ಕೆ ಜೋಡಿಸಿದಳು. ಧ್ವನಿವರ್ಧಕ ಕರಕರ ಎಂದಿತು. ದಾಕ್ಷಾಯಣಿ ಕಟಕಟೆಯ ಕಂಬಿಯನ್ನು ಹಿಡಿದುಕೊಂಡಳು.

“ಸಾಯ್ಲಿ ಅಂತ ಅಂದ್ಕೊಂಡಾಳ,” ಎಂದಿತು ಯಂತ್ರದ ದನಿ. ದನಿ ಯಂತ್ರದ್ದು; ಜಬರು ಹಳೇ ಸಂತೆಯದು. “ನನಗೂ ಗೊತ್ತೈತಿ.”

ಗುರುಬಸವ್ವನ ಹಣೆಯ ದೀಪ ಕೆಂಪಾಯಿತು. ದೇಶಮುಖರು ಏನನ್ನೋ ಹೇಳಲು ಎದ್ದರು. ನ್ಯಾಯಾಧೀಶರು ಕೈಯೆತ್ತಿ ತಡೆದರು.

“ನನ್ನ ಮಾರಿ ನೋಡಿದ್ರ ಯಾರಿಗಿ ಹಂಗನಸೂದಿಲ್ಲ? ಹೇತದ್ದು ಬಳೀತಾಳ, ಹುಣ್ಣ ತೊಳೀತಾಳ. ನಾನೂ ನನ್ನ ಅತ್ತಿಗೆ ಅಂದ್ಕೊಂಡಿದ್ನಿ. ಈಗ ನನಗ ನಾನ ಅಂದ್ಕೋತೀನಿ, ದಿನಾ. ಬರೀ ಇಷ್ಟ ಕೇಳಾಕ ಇಷ್ಟ ಮಂದಿ ಕೂಡಿರೇನು? ಕೆಲಸಿಲ್ಲೇನು ನಿಮಗ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ಊರಿನ ಸಭೆಯೊಂದರಲ್ಲಿ ಕೇಳಿದ ನಗು.

“ನೀವು ಆಕಿ ತಲಿ ನೋಡೀರಿ. ಆಕಿ ಕೈ ನಾ ನೋಡೀನಿ. ನನ್ನ ಮೈಗೆ ನೀರ ಹಚ್ಚೂ ಮುಂದ ಮೊಣಕೈ ಅದ್ದಿ ನೋಡತಾಳ. ನನಗ ಸುಡೂದು ಗೊತ್ತಾಗೂದಿಲ್ಲ, ಅರ್ಧ ಮೈ ಸತ್ತೈತಿ. ಸುಟ್ರೂ ಯಾರಿಗೂ ಹೇಳಾಕ ಬರೂದಿಲ್ಲ ನನಗ. ಆದ್ರೂ ನೋಡತಾಳ.” ಮುದುಕಿಯ ಎದೆ ಏರಿಳಿಯಿತು. “ಸಿಟ್ಟ ಬಂದ ದಿನಾ ಎರಡ ಸಲ ನೋಡತಾಳ.”

ಜುಬೇದಾಳ ಕಣ್ಣ ಮುಂದೆ ಆ ದಿನದ ಬೋಗುಣಿ ಬಂದು ನಿಂತಿತು: ಅದ್ದಿದ ಮೊಣಕೈ, ಬೆರೆಸಿದ ತಣ್ಣೀರು, ಮತ್ತೊಮ್ಮೆ ಅದ್ದಿದ ಮೊಣಕೈ. ಅಂದು ಮನೆಗೆ ಬಂದವಳ ಮೇಲೆ ಸಿಟ್ಟಾಗಿ ಅವಳ ದೀಪ ಕೆಂಪಾಗಿಯೇ ಇತ್ತಲ್ಲ. ಯಂತ್ರ ಕತ್ತರಿಸಿ ಎಸೆದ ಮರುಮಾತನ್ನು ಅರ್ಧ ಸತ್ತ ಒಂದು ಮೈ ಮೂರು ವರ್ಷದಿಂದ ಓದುತ್ತ ಬಂದಿತ್ತು.

ದಾಕ್ಷಾಯಣಿ ಕಂಬಿಗೆ ಹಣೆ ಹಚ್ಚಿದ್ದಳು. ಅವಳ ಭುಜ ಅಲುಗುತ್ತಿತ್ತು.

“ನನ್ನ ಅವ್ರ ರಕ್ಷಣಾಗೃಹದಾಗ ಇಡಬ್ಯಾಡ್ರಿ,” ಎಂದಿತು ಯಂತ್ರ. “ಆಕಿ ಬೈತಾಳ, ಆದ್ರ ನಾ ಅದೀನಿ ಅನ್ನೂದು ಆಕಿಗಿ ಗೊತ್ತೈತಿ. ಸಾಕು, ಇದನ್ನ ಬಿಚ್ಚರಿ. ತಲಿ ತುರಸತೈತಿ.”

ದೇಶಮುಖರು ಎದ್ದರು. ಅವರ ದನಿಯಲ್ಲಿ ಏರುಪೇರಿರಲಿಲ್ಲ.

“ಸಾಕ್ಷಿಯ ಪಟ್ಟಿ ಮೊದಲ ಮಾತಿಗೇ ಕೆಂಪಾಗಿದೆ. ಆತ್ಮಹತ್ಯೆಯ ಯೋಚನೆ, ಹಿರಿಯರ ಸಾವಿನ ಯೋಚನೆ. ನಿಯಮದ ಪ್ರಕಾರ ಕೆಂಪು ಶೀಲಾಂಕದವರ ಸಾಕ್ಷ್ಯ ಗ್ರಾಹ್ಯವಲ್ಲ. ಮೇಲಾಗಿ ಇಂಥ ಇಬ್ಬರು ಒಂದೇ ಮನೆಯಲ್ಲಿರುವುದು ಇನ್ನೂ ಅಪಾಯಕಾರಿ. ಇಬ್ಬರನ್ನೂ ಬೇರ್ಪಡಿಸಿ, ಈಕೆಯನ್ನು ಇವತ್ತೇ ರಕ್ಷಣಾಗೃಹಕ್ಕೆ ಒಯ್ಯಲು ಅಪ್ಪಣೆಯಾಗಬೇಕು.”

ಆ ಮಾತು ಮುಗಿಯುತ್ತಿದ್ದಂತೆ ಜುಬೇದಾಳಿಗೆ ತನ್ನ ಹಣೆ ಬಿಸಿಯಾದದ್ದು ಅರಿವಾಯಿತು. ಎದುರಿನ ಗಾಜಿನಲ್ಲಿ ತನ್ನ ದೀಪ ಕೆಂಪಾಗಿತ್ತು. ಅದನ್ನು ಆರಿಸಲು ಆಕೆ ಯಾವ ಮಗ್ಗಿಯನ್ನೂ ಕರೆಯಲಿಲ್ಲ. ನಿಂಗರಾಜನದೂ ಕೆಂಪಾಗಿತ್ತು, ಅವನು ಗಾಲಿಕುರ್ಚಿಯ ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದ. ಮುಂದಿನ ಸಾಲಿನ ಒಬ್ಬ ಶುಶ್ರೂಷಕಿಯ ಹಣೆ ಕೆಂಪಾಯಿತು, ಅವಳ ಪಕ್ಕದವಳದು, ಅದರಾಚೆಯವಳದು. ಆಮೇಲೆ ಎಣಿಸಲಾಗಲಿಲ್ಲ. ಸಾಲಿನಿಂದ ಸಾಲಿಗೆ ಕೆಂಪು ಹಬ್ಬಿತು. ಶಿಕ್ಷಕರ ನಡುವೆ ದಸ್ತಗೀರ ಎದ್ದು ನಿಂತಿದ್ದ. ಅವನ ಹಣೆ ಕೆಂಡದಂತೆ ಉರಿಯುತ್ತಿತ್ತು, ಮತ್ತು ಬಹಳ ದಿನಗಳ ಮೇಲೆ ಅವನ ಕಣ್ಣು ಎದುರಿಗಿದ್ದದ್ದನ್ನು ನೋಡುತ್ತಿತ್ತು.

ಅಷ್ಟು ಜನರ ಮನಸ್ಸಿನಲ್ಲಿ ಅದೇ ಗಳಿಗೆಯಲ್ಲಿ ಏನೇನು ಸುಳಿದಿತ್ತೋ. ದೇಶಮುಖರನ್ನು ಹೊಡೆಯಬೇಕೆಂದೇ ಹಲವರಿಗೆ ಅನಿಸಿರಬೇಕು. ಯಾರೂ ಹೊಡೆಯಲಿಲ್ಲ. ಎದ್ದವರು ನಿಂತಲ್ಲೇ ನಿಂತರು, ಕೂತವರು ಕೂತಲ್ಲೇ ಕೂತರು. ಅಷ್ಟೂ ಮರುಮಾತು ಅಲ್ಲೇ, ಎಲ್ಲರ ಕಣ್ಣೆದುರಿಗೇ, ನಡೆಯುತ್ತಿತ್ತು.

ನ್ಯಾಯಾಧೀಶ ಗಾಣಿಗೇರರು ಕನ್ನಡಕ ತೆಗೆದು ಒರೆಸಿದರು. ಹಣೆಯ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅದರ ದೀಪವೂ ಕೆಂಪಾಗಿಯೇ ಇತ್ತು.

“ನನ್ನ ಶೀಲಾಂಕವೂ ಕೆಟ್ಟಿದೆ ದೇಶಮುಖರೆ. ನಿಮ್ಮ ನಿಯಮದಂತೆ ನಾನು ತೀರ್ಪು ಕೊಡಲು ಅರ್ಹನಲ್ಲ. ಈ ಭವನದಲ್ಲಿ ಅರ್ಹತೆ ಉಳಿದಿರುವುದು ನಿಮ್ಮೊಬ್ಬರಿಗೆ ಮಾತ್ರ. ಅದನ್ನು ನೋಡಿಕೊಂಡೇ ನಾನು ಅಪ್ಪಣೆ ಬರೆಯುತ್ತಿದ್ದೇನೆ. ದಾಕ್ಷಾಯಣಿ ಬೂದಿಹಾಳರ ನೌಕರಿ ಮುಂದುವರಿಯಲಿ. ಗುರುಬಸವ್ವ ಸೊಸೆಯ ಮನೆಯಲ್ಲೇ ಇರಲಿ. ಮರುಮಾತನ್ನು ಕತ್ತರಿಸಿದವರು ಯಾರು, ಏಕೆ ಎಂಬುದು ತನಿಖೆಯಾಗುವವರೆಗೆ ಈ ಜಿಲ್ಲೆಯಲ್ಲಿ ಯಾರ ಹಣೆಗೂ ಪಟ್ಟಿ ಬೇಡ.”

ದಾಕ್ಷಾಯಣಿ ಕಟಕಟೆಯಿಂದ ಇಳಿದು ಬಂದು ಅತ್ತೆಯ ತಲೆಯ ಪಟ್ಟಿ ಬಿಚ್ಚಿದಳು. ಕೆರೆಯಬೇಕೆಂದಿದ್ದ ಜಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆದಳು.

“ಮೂರ ವರ್ಷ ಸುಮ್ಕಿದ್ದು ಮಂದಿ ಮುಂದ ಬಾಯಿ ತಗದ್ಲು ನೋಡ್ರಿ,” ಎಂದಳು, ಯಾರಿಗೆಂದಿಲ್ಲದೆ. ಗುರುಬಸವ್ವ ಕಣ್ಣು ಮುಚ್ಚಿದಳು. ಹೌದು ಎಂದು.

ಜನ ತಮ್ಮ ತಮ್ಮ ಪಟ್ಟಿಗಳನ್ನು ಬಿಚ್ಚಿ ಕುರ್ಚಿಗಳ ಮೇಲಿಟ್ಟು ಹೊರಗೆ ನಡೆದರು. ಬಾಗಿಲಲ್ಲೇ ಜಗಳಗಳು, ನಗೆಗಳು, ಬೈಗುಳಗಳು ಶುರುವಾದವು. ಖಾಲಿ ಸಾಲುಗಳ ತುಂಬ ಬಿದ್ದ ದೀಪಗಳು ಒಂದೊಂದಾಗಿ ಆರಿದವು. ಜುಬೇದಾ ಕೊನೆಯ ಸಲ ವೇದಿಕೆಯ ಕಡೆ ತಿರುಗಿ ನೋಡಿದಳು.

ವಿದ್ಯಾಧರ ದೇಶಮುಖರು ಅಲ್ಲೇ ನಿಂತಿದ್ದರು. ಭವನದಲ್ಲಿ ಉರಿಯುತ್ತಿದ್ದದ್ದು ಅವರ ಹಣೆಯ ದೀಪವೊಂದೇ; ಸ್ವಚ್ಛ ಹಸಿರು, ಒಮ್ಮೆಯೂ ಮಿಣುಕದೆ. ಅವರ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಹದಿನೇಳರ ಮಗ್ಗಿ ಮುಗಿದು ಹದಿನೆಂಟರದು ಆರಂಭವಾಗಿತ್ತು.